ಡಬ್ಬಿಯ ಮೇಲಿನ 4.50: ಏರ್ ರೈಫಲ್ ಪೆಲೆಟ್‌ನ ಅಳತೆ, ಬ್ಯಾಚ್ ಮತ್ತು ಗುರಿಯ ನಿಖರತೆ

ನನ್ನ ಮೇಜಿನ ಮೇಲೆ ಒಂದೇ ಕಂಪನಿಯ ಎರಡು ಪೆಲೆಟ್ ಡಬ್ಬಿಗಳಿವೆ, ಪೆಲೆಟ್ ಎಂದರೆ ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು. ಎರಡರಲ್ಲೂ ಐನೂರು ಪೆಲೆಟ್‌ಗಳು, ಎರಡಕ್ಕೂ ಕೊಟ್ಟ ಬೆಲೆ ಒಂದೇ, ಎರಡರ ಚೀಟಿಯ ಮೇಲೂ 4.50 ಎಂದೇ ಅಚ್ಚಾಗಿದೆ. ಆ ಅಂಕಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಬ್ಯಾಚ್ ಸಂಖ್ಯೆಯೊಂದೇ ಬೇರೆ. ರೈಫಲ್ಲನ್ನು ವೈಸ್‌ಗೆ ಬಿಗಿದು, ಹತ್ತು ಮೀಟರ್ ದೂರದ ಕಾಗದಕ್ಕೆ ಒಂದೊಂದು ಡಬ್ಬಿಯಿಂದ ಹತ್ತು ಹತ್ತು ಪೆಲೆಟ್ ಹಾರಿಸಿದಾಗ, ಮೊದಲ ಡಬ್ಬಿಯವು ಹತ್ತೂ ಸೇರಿ ಒಂದೇ ದುಂಡನೆಯ ತೂತನ್ನು ಮಾಡಿದವು. ಅದರ ಹೊರ ಅಂಚಿನಿಂದ ಹೊರ ಅಂಚಿಗೆ 5.4 ಮಿ.ಮೀ. ಎರಡನೆಯ ಡಬ್ಬಿಯವು ಆ ತೂತನ್ನು ಬಿಲ್ವಪತ್ರೆಯಂತೆ ಮೂರು ಕಡೆಗೆ ಹರಿದವು, ಅಳತೆ 6.4 ಮಿ.ಮೀ. ಕೈ ಅಲುಗಿತು, ಉಸಿರು ತಪ್ಪಿತು ಎನ್ನಲು ಅಲ್ಲಿ ಕೈಯೂ ಇರಲಿಲ್ಲ, ಉಸಿರೂ ಇರಲಿಲ್ಲ. ರೈಫಲ್ ಅದೇ, ಗಾಳಿಯ ಒತ್ತಡ ಅದೇ, ಕೊಠಡಿಯೂ ಅದೇ. ಬದಲಾದದ್ದು ಪೆಲೆಟ್ ಮಾತ್ರ.

ಒಂದು ಮಿಲಿಮೀಟರ್ ಏನು ಮಹಾ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ, ಏರ್‌ಗನ್ ವಿಭಾಗಕ್ಕೆ ಕೋಳಿಮೊಟ್ಟೆಯನ್ನು ಗುರಿಯಾಗಿ ಇಡುವುದುಂಟು. ಮೊಟ್ಟೆ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ. ಪೆಲೆಟ್ ಒಂದು ಮಿಲಿಮೀಟರ್ ಆಚೀಚೆ ಹೋದರೂ ಅದು ಒಡೆದೇ ಒಡೆಯುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಲೆಕ್ಕ ಬೇರೆ. ಅಲ್ಲಿ ಇಡೀ ಗುರಿಯ ವ್ಯಾಸವೇ 45.5 ಮಿ.ಮೀ., ಅದರ ನಡುವಿನ ಹತ್ತರ ಗುರುತು 0.5 ಮಿ.ಮೀ.ನ ಒಂದು ಚುಕ್ಕೆ. ಹಾರಿಸುವ ಪೆಲೆಟ್ 4.5 ಮಿ.ಮೀ. ಅಗಲ, ಎಂದರೆ ಹೊಡೆಯಬೇಕಾದ ಚುಕ್ಕೆಗಿಂತ ಗುಂಡೇ ಒಂಬತ್ತು ಪಟ್ಟು ದೊಡ್ಡದು. ಪೆಲೆಟ್‌ನ ಅಂಚು ಆ ಚುಕ್ಕೆಯನ್ನು ಸೋಕಿದರೆ 10.0 ಅಂಕ, ಅದಕ್ಕೆ ಪೆಲೆಟ್‌ನ ನಡುಬಿಂದು ಗುರಿಯ ನಡುಬಿಂದುವಿನಿಂದ 2.5 ಮಿ.ಮೀ. ಒಳಗಿರಬೇಕು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರಿಗೂ 0.1 ಅಂಕ ಏರುತ್ತದೆ. ಪೂರ್ತಿ 10.9 ಬೇಕೆಂದರೆ ಎರಡು ನಡುಬಿಂದುಗಳ ಅಂತರ ಕಾಲು ಮಿಲಿಮೀಟರನ್ನು ಮೀರುವಂತಿಲ್ಲ.

ಮೊದಲು ಅರ್ಹತಾ ಸುತ್ತಿನಲ್ಲಿ ಪೂರ್ಣಾಂಕಗಳನ್ನಷ್ಟೇ ಎಣಿಸುತ್ತಿದ್ದರು, 10.0 ಮತ್ತು 10.9 ಎರಡೂ ಅಲ್ಲಿ ಹತ್ತೇ. 2013ರಿಂದ ಏರ್ ರೈಫಲ್ ವಿಭಾಗದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಎಣಿಕೆ ಬಂದ ಮೇಲೆ ಅರವತ್ತು ಹೊಡೆತಗಳಲ್ಲಿ ಒಂದೊಂದರ ಕಾಲು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅರ್ಜುನ್ ಬಬುತಾ 630.1 ಅಂಕ ಗಳಿಸಿ ಏಳನೆಯವರಾಗಿ ಫೈನಲ್ ಮುಟ್ಟಿದರು, 629.3 ಗಳಿಸಿದ ಸಂದೀಪ್ ಸಿಂಗ್ ಹನ್ನೆರಡನೆಯವರಾಗಿ ಹೊರಗುಳಿದರು. ಅರವತ್ತು ಹೊಡೆತಗಳು ಸೇರಿ ಇಬ್ಬರ ನಡುವೆ ಬಿದ್ದ ಅಂತರ 0.8 ಅಂಕ. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಅವರ 700.5ಕ್ಕೂ ಬೆಳ್ಳಿ ಗೆದ್ದ ಝು ಕಿನಾನ್ ಅವರ 699.7ಕ್ಕೂ ಇದ್ದ ಅಂತರವೂ ಅಷ್ಟೇ. ಈ ಮಟ್ಟದಲ್ಲಿ ಪೆಲೆಟ್‌ನ ಆಯ್ಕೆ ಎಷ್ಟು ಮುಖ್ಯವೆಂಬುದನ್ನು ಮುಂದೆ ಅಂಕಿಗಳಲ್ಲೇ ನೋಡಬಹುದು. ಅದಕ್ಕೆ ಮೊದಲು ಪೆಲೆಟ್ ಎಂಬ ಈ ಅರ್ಧ ಗ್ರಾಮಿನ ವಸ್ತುವನ್ನೇ ಹತ್ತಿರದಿಂದ ನೋಡಬೇಕು.

ಸ್ಪರ್ಧೆಯ ಪೆಲೆಟ್ ಸೀಸದ್ದು, ತೂಕ ಸಾಮಾನ್ಯವಾಗಿ 0.53 ಗ್ರಾಂ ಆಸುಪಾಸು. ಬೆರಳ ತುದಿಯಲ್ಲಿ ನಿಲ್ಲಿಸಿ ನೋಡಿದರೆ ಶಿವನ ಡಮರುವಿನ ಆಕಾರ: ಮುಂದೆ ಚಪ್ಪಟೆ ಮುಖದ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ, ತೆಳು ಅಂಚಿನ ಸ್ಕರ್ಟ್. ಮುಖ ಚಪ್ಪಟೆಯಾಗಿರುವುದು ಕಾಗದದಲ್ಲಿ ಅಂಚು ಹರಿಯದೆ ದುಂಡನೆಯ ತೂತು ಬೀಳಲಿ ಎಂದು. ತೂಕವೆಲ್ಲ ತಲೆಯ ಕಡೆ ಇರುವುದರಿಂದ, ಬ್ಯಾಡ್ಮಿಂಟನ್‌ನ ಕಾಕ್ ಹೇಗೆ ಹಾರುತ್ತದೋ ಹಾಗೆ ಗಾಳಿಯ ತಡೆಯೇ ಪೆಲೆಟ್‌ನ ತಲೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ತಲೆ ಮತ್ತು ಸ್ಕರ್ಟ್ ಬ್ಯಾರೆಲ್ಲಿನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತವೆ. ತಲೆ ಬ್ಯಾರೆಲ್‌ನ ಒಳಗಿನ ತಿರುಪು ಗೆರೆಗಳ ಮೇಲೆ, ಅಂದರೆ ರೈಫ್ಲಿಂಗ್‌ನ ಏಣುಗಳ ಮೇಲೆ, ಕೂತು ಪೆಲೆಟ್ ನೆಟ್ಟಗೆ ಸಾಗುವಂತೆ ನೋಡಿಕೊಳ್ಳುತ್ತದೆ. ಸ್ಕರ್ಟ್ ತಲೆಗಿಂತ ತುಸು ಅಗಲ. ಅದು ಗೆರೆಗಳೊಳಕ್ಕೆ ಒತ್ತಿಕೊಂಡು ಹಿಂದಿನ ಗಾಳಿ ಸೋರದಂತೆ ತಡೆಯುತ್ತದೆ.

ಡಬ್ಬಿಯ ಮೇಲಿನ 4.49, 4.50, 4.51 ಎಂಬ ಅಂಕಿಗಳು ಈ ತಲೆಯ ವ್ಯಾಸವನ್ನು ಹೇಳುತ್ತವೆ, ಸ್ಕರ್ಟಿನದನ್ನಲ್ಲ. ಎರಡು ಅಳತೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ನಮ್ಮ ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಇಷ್ಟು ಸಣ್ಣ ಅಂತರ ಕೆಲಸ ಮಾಡುವುದು ಬ್ಯಾರೆಲ್ ಕೂಡ ಅಷ್ಟೇ ಬಿಗಿಯಾದ ಅಳತೆಯ ವಸ್ತುವಾಗಿರುವುದರಿಂದ. ತಲೆ ಏಣುಗಳಿಗಿಂತ ಸಣ್ಣದಾದರೆ ಪೆಲೆಟ್‌ಗೆ ಹಿಡಿತ ಸಿಗುವುದು ಸ್ಕರ್ಟಿನಲ್ಲಿ ಮಾತ್ರ. ಅದು ಕೂದಲೆಳೆಯಷ್ಟು ಓರೆಯಾಗಿ ಕೂತು, ಓರೆಯಾಗಿಯೇ ಸಾಗಿ, ಓರೆಯಾಗಿಯೇ ಹೊರಬೀಳಬಹುದು. ತಲೆ ದೊಡ್ಡದಾದರೆ ಏಣುಗಳು ಸೀಸವನ್ನು ಆಳವಾಗಿ ಕೊರೆಯುತ್ತವೆ, ಉಜ್ಜುವಿಕೆ ಹೆಚ್ಚುತ್ತದೆ, ವೇಗ ತಗ್ಗುತ್ತದೆ. ಆ ತಗ್ಗುವಿಕೆ ಪೆಲೆಟ್‌ನಿಂದ ಪೆಲೆಟ್‌ಗೆ ಒಂದೇ ಸಮನಾಗಿರುವುದೂ ಇಲ್ಲ. ಆದುದರಿಂದ 4.50 ಒಳ್ಳೆಯದು, 4.49 ಕೆಟ್ಟದ್ದು ಎಂಬ ಮಾತಿಗೆ ಅರ್ಥವಿಲ್ಲ. ಒಂದೇ ಮಾದರಿಯ, ಒಂದೇ ವರ್ಷದ ಎರಡು ರೈಫಲ್ಲುಗಳಲ್ಲಿ ಒಂದು 4.49 ಅನ್ನು, ಇನ್ನೊಂದು 4.51 ಅನ್ನು ಮೆಚ್ಚುವುದು ರೇಂಜ್‌ಗಳಲ್ಲಿ ಎಲ್ಲರೂ ಕಾಣುವ ಸಂಗತಿ. ಗೆಳೆಯನ ರೈಫಲ್ಲಿಗೆ ಒಗ್ಗಿದ ಅಳತೆಯನ್ನು ಕಣ್ಣು ಮುಚ್ಚಿ ತರಿಸಿಕೊಳ್ಳುವುದು ಅವನ ಕನ್ನಡಕವನ್ನು ಹಾಕಿಕೊಂಡು ಓದಲು ಕೂತಂತೆ.

ಆ ಅಂಕಿಯನ್ನು ನಾವೇ ಅಳೆದು ನೋಡೋಣವೆಂದರೆ ಅದೂ ಸುಲಭವಲ್ಲ. ವರ್ನಿಯರ್ ಕ್ಯಾಲಿಪರ್‌ನ ದವಡೆ ತುಸು ಬಿಗಿದರೂ ಸೀಸ ಒತ್ತಿಹೋಗುತ್ತದೆ. ಅಳೆಯಬೇಕಾದ ಅಂತರಕ್ಕಿಂತ ಅಳೆಯುವಾಗಿನ ತಪ್ಪೇ ದೊಡ್ಡದಾಗುತ್ತದೆ. ಹೋಲಿಕೆಗೆ ಹಳೆಯದೊಂದು ಉಪಾಯವಿದೆ. ಗಾಜಿನ ಹಲಗೆಯನ್ನು ತುಸು ಇಳಿಜಾರಾಗಿಟ್ಟು ಮೇಲಿನಿಂದ ಪೆಲೆಟ್ ಉರುಳಿಸಿದರೆ, ತಲೆಗಿಂತ ಸ್ಕರ್ಟ್ ಅಗಲವಿರುವುದರಿಂದ ಅದು ನೇರವಾಗಿ ಹೋಗದೆ ಬಾಗಿ ಉರುಳುತ್ತದೆ. ಒಂದೇ ಅಳತೆಯ ಪೆಲೆಟ್‌ಗಳು ಕೆಳಗೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ತಲೆ ಮತ್ತು ಸ್ಕರ್ಟಿನ ಅನುಪಾತ ಬೇರೆಯಿರುವವು ದೂರ ಸರಿದು ಬೀಳುತ್ತವೆ. ಇದು ಮಿಲಿಮೀಟರಿನಲ್ಲಿ ಉತ್ತರ ಕೊಡುವುದಿಲ್ಲ, ಆದರೆ ಡಬ್ಬಿಯೊಳಗಿನ ಸರಕು ಎಷ್ಟು ಏಕರೂಪವಾಗಿದೆ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ.

ಈಗ ವೇಗದ ಮಾತು. ಸ್ಪರ್ಧೆಯ ಏರ್ ರೈಫಲ್ಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಹತ್ತು ಮೀಟರ್ ದಾಟಲು ಅದಕ್ಕೆ 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವದಿಂದ ಅದು ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ಎಲ್ಲ ಪೆಲೆಟ್‌ಗಳೂ ಅಷ್ಟೇ ಇಳಿದರೆ ತೊಂದರೆಯಿಲ್ಲ, ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ತಿರುಗಿಸಿ ಸರಿಮಾಡಿಕೊಳ್ಳಬಹುದು. ಆದರೆ ಒಂದರ ವೇಗ ಇನ್ನೊಂದಕ್ಕಿಂತ ಸೆಕೆಂಡಿಗೆ ಒಂದು ಮೀಟರ್ ಕಡಿಮೆಯಾದರೆ ಅದು 0.2 ಮಿ.ಮೀ. ಹೆಚ್ಚು ಇಳಿಯುತ್ತದೆ. ಐದು ಮೀಟರ್ ಕಡಿಮೆಯಾದರೆ ಒಂದು ಪೂರ್ತಿ ಮಿಲಿಮೀಟರ್, ಅಂದರೆ 0.4 ಅಂಕ. ತೂಕದ ಪರಿಣಾಮವನ್ನೂ ಇದೇ ದಾರಿಯಲ್ಲಿ ಲೆಕ್ಕ ಹಾಕಬಹುದು. ರೈಫಲ್ ಕೊಡುವ ಶಕ್ತಿ ಒಂದೇ ಎಂದಿಟ್ಟುಕೊಂಡರೆ, 0.53 ಗ್ರಾಮಿನ ಪೆಲೆಟ್‌ಗಳ ನಡುವೆ 0.54 ಗ್ರಾಮಿನದೊಂದು ಬಂದಾಗ ಅದರ ವೇಗ ಶೇಕಡಾ ಒಂದರಷ್ಟು ತಗ್ಗಿ, ಅದು ಉಳಿದವಕ್ಕಿಂತ ಮೂರನೆಯ ಒಂದು ಮಿಲಿಮೀಟರ್ ಕೆಳಗೆ ಬೀಳುತ್ತದೆ. ಗುಂಪು, ಅಂದರೆ ಒಂದು ಸರದಿಯ ಹೊಡೆತಗಳೆಲ್ಲ ಸೇರಿ ಕಾಗದದಲ್ಲಿ ಮಾಡಿದ ತೂತು, ಮೇಲಿನಿಂದ ಕೆಳಕ್ಕೆ ಉದ್ದವಾಗಿದ್ದು ಅಗಲಕ್ಕೆ ಕಿರಿದಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ವೇಗವನ್ನೇ. ಅದು ಪೆಲೆಟ್‌ನ ದೋಷವಿರಬಹುದು, ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಕೊಡಬೇಕಾದ ರೈಫಲ್‌ನ ರೆಗ್ಯುಲೇಟರ್‌ನದೂ ಇರಬಹುದು.

ನನ್ನ ಎರಡನೆಯ ಡಬ್ಬಿಯ ಗುಂಪು ಮೂರೂ ಕಡೆಗೆ ಹರಡಿತ್ತು. ಅದನ್ನು ವೇಗವೊಂದರಿಂದಲೇ ವಿವರಿಸಲಾಗದು. ಇಲ್ಲಿ ಬರುವುದು ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಸೂಕ್ಷ್ಮವಾದ ಭಾಗ: ಪೆಲೆಟ್‌ನ ತೂಕದ ನಡುಬಿಂದು. ಬ್ಯಾರೆಲ್‌ನ ಗೆರೆಗಳು ಸುಮಾರು 45 ಸೆಂ.ಮೀ.ಗೆ ಒಂದು ಸುತ್ತು ತಿರುಗುವಂತಿದ್ದರೆ, ಪೆಲೆಟ್ ಗುರಿ ಮುಟ್ಟುವುದರೊಳಗೆ 22 ಸುತ್ತು ಸುತ್ತಿರುತ್ತದೆ. ತೂಕದ ನಡುಬಿಂದು ಆಕಾರದ ನಡುಬಿಂದುವಿನ ಮೇಲೆಯೇ ಇದ್ದರೆ ಬುಗುರಿ ನಿದ್ದೆ ಹೋದಂತೆ ಪೆಲೆಟ್ ಅಲುಗದೆ ಸುತ್ತುತ್ತದೆ. ಒಳಗೆಲ್ಲೋ ಗಾಳಿಯ ಗುಳ್ಳೆ ಉಳಿದು, ಅಥವಾ ಸ್ಕರ್ಟಿನ ಒಂದು ಬದಿ ದಪ್ಪವಾಗಿ, ಆ ಬಿಂದು ಪಕ್ಕಕ್ಕೆ ಸರಿದಿದ್ದರೆ, ಬ್ಯಾರೆಲ್ಲಿನೊಳಗೆ ಇರುವವರೆಗೆ ಅದು ಬಲವಂತವಾಗಿ ಅಕ್ಷದ ಸುತ್ತ ಸುತ್ತುತ್ತದೆ. ಬ್ಯಾರೆಲ್‌ನ ಬಾಯಿ ದಾಟಿದ ಕ್ಷಣ, ಕವಣೆಯಿಂದ ಬಿಟ್ಟ ಕಲ್ಲಿನಂತೆ, ಆಗ ಇದ್ದ ದಿಕ್ಕಿನಲ್ಲಿ ಪಕ್ಕಕ್ಕೆ ಸಿಡಿಯುತ್ತದೆ. ಎಷ್ಟು ಸಿಡಿಯುತ್ತದೆ ಎಂಬುದರ ಲೆಕ್ಕ ಸರಳ. ನಡುಬಿಂದು ಸರಿದಿರುವ ಅಂತರವನ್ನು ಸುತ್ತುಗಳ ಸಂಖ್ಯೆಯಿಂದಲೂ 6.28ರಿಂದಲೂ ಗುಣಿಸಿದರೆ ಸಾಕು. ಕೇವಲ 0.01 ಮಿ.ಮೀ. ಸರಿದಿದ್ದರೆ ಗುರಿಯ ಮೇಲೆ 1.4 ಮಿ.ಮೀ. ತಪ್ಪು. ಈ ತಪ್ಪು ಯಾವ ಕಡೆಗೆ ಎಂಬುದು ಪೆಲೆಟ್‌ನ ಭಾರದ ಬದಿ ಲೋಡ್ ಮಾಡುವಾಗ ಎತ್ತ ತಿರುಗಿತ್ತು ಎಂಬುದರ ಮೇಲೆ ನಿಂತಿದೆ, ಅದನ್ನು ಯಾರೂ ನೋಡಿ ತುಂಬುವುದಿಲ್ಲ. ಆದ್ದರಿಂದಲೇ ಗುಂಪು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎನ್ನದೆ ಸುತ್ತಲೂ ಹರಡುತ್ತದೆ. ಒಳ್ಳೆಯ ಪೆಲೆಟ್‌ಗಳು ಮಿಲಿಮೀಟರಿಗೂ ಕಡಿಮೆ ಹರಡುತ್ತವೆಂದರೆ, ಅವುಗಳಲ್ಲಿ ನಡುಬಿಂದು ಸರಿದಿರುವುದು 0.01 ಮಿ.ಮೀ.ಗಿಂತ ಎಷ್ಟೋ ಕಡಿಮೆ ಎಂದಾಯಿತು. ಅರ್ಧ ಗ್ರಾಂ ಸೀಸದಲ್ಲಿ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಇದನ್ನು ಸಾಧಿಸುವ ಕಾರ್ಖಾನೆಗಳ ಕೌಶಲ ಗೌರವಕ್ಕೆ ಅರ್ಹವಾದದ್ದು.

ಸ್ಕರ್ಟಿನ ಅಂಚಿಗೂ ಇದರಲ್ಲಿ ಪಾಲಿದೆ. ಪೆಲೆಟ್ ಹೊರಬರುವಾಗ ಸ್ಕರ್ಟಿನ ಅಂಚು ಎಲ್ಲ ಕಡೆಯೂ ಏಕಕಾಲಕ್ಕೆ ಬ್ಯಾರೆಲ್ ಬಿಡಬೇಕು. ಅಂಚಿನಲ್ಲಿ ನಗ್ಗಿದ್ದರೆ ಒತ್ತಡದ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್‌ನ ಬಾಲವನ್ನು ತಳ್ಳುತ್ತದೆ.

ಇನ್ನು ಬ್ಯಾಚ್ ಎಂದರೇನು ಎಂಬುದನ್ನು ನೋಡಬೇಕು. ಜರ್ಮನಿಯ ಆರ್‌ಡಬ್ಲ್ಯುಎಸ್ ಇರಲಿ, ಎಚ್ ಅಂಡ್ ಎನ್ ಇರಲಿ, ಝೆಕ್ ದೇಶದ ಜೆಎಸ್‌ಬಿ ಇರಲಿ, ಪೆಲೆಟ್ ತಯಾರಿಕೆಯ ಮೂಲ ಕ್ರಮ ಒಂದೇ: ಸೀಸದ ತಂತಿಯನ್ನು ತುಂಡು ಮಾಡಿ, ಆ ತುಂಡನ್ನು ಉಕ್ಕಿನ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ಇಟ್ಟು ಒತ್ತಿ ಆಕಾರ ಕೊಡುವುದು. ಡೈ ಉಕ್ಕಿನದಾದರೂ ಸವೆಯುತ್ತದೆ. ಸವೆದಂತೆ ಅದರಿಂದ ಬರುವ ಪೆಲೆಟ್ ತುಸು ತುಸುವೇ ಬದಲಾಗುತ್ತದೆ, ಒಂದು ದಿನ ಡೈಯನ್ನು ಬದಲಿಸಿದಾಗ ಒಮ್ಮೆಗೇ ಬದಲಾಗುತ್ತದೆ. ಸೀಸದ ಪ್ರತಿ ಸರಕಿನಲ್ಲೂ ಆಂಟಿಮನಿಯಂಥ ಬೇರೆ ಲೋಹದ ಅಂಶ ಕೂದಲೆಳೆ ಹೆಚ್ಚುಕಡಿಮೆ ಇದ್ದು, ಗಡಸುತನ ಬೇರೆಯಾಗುತ್ತದೆ. ಹೊರಗೆ ಸವರುವ ಎಣ್ಣೆಯ ಪದರವೂ ಪ್ರತಿ ಸಲ ಒಂದೇ ಇರುವುದಿಲ್ಲ. ಒಂದು ಯಂತ್ರದಿಂದ, ಒಂದು ಡೈಯಿಂದ, ಒಂದು ಸರಕಿನ ಸೀಸದಿಂದ ಬಂದ ರಾಶಿಗೆ ಒಂದು ಬ್ಯಾಚ್ ಸಂಖ್ಯೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಒಂದೇ ಅಂಗಡಿಯ ಅದೇ ಹೆಸರಿನ ಅಕ್ಕಿ ಹೊಸ ಮೂಟೆ ಬಿಚ್ಚಿದ ದಿನ ಬೇರೆ ಅಳತೆಯ ನೀರು ಕೇಳುತ್ತದಲ್ಲ, ಇದೂ ಹಾಗೆಯೇ. ಹೊಸ ಬ್ಯಾಚ್ ಕಳಪೆಯೆಂದಲ್ಲ. ನಿಮ್ಮ ಬ್ಯಾರೆಲ್ಲಿಗೆ ಅದು ಹೊಸಬ.

ಹೀಗಾಗಿ 4.50 ಎಂಬ ಅಂಕಿಯನ್ನು ಒಂದು ಭರವಸೆಯೆಂದು ಓದುವುದಕ್ಕಿಂತ ವಿಳಾಸದಲ್ಲಿರುವ ಬೀದಿಯ ಹೆಸರಿನಂತೆ ಓದುವುದು ಸರಿ. ಮನೆಯ ನಂಬರು ಬ್ಯಾಚ್ ಸಂಖ್ಯೆ. ನನ್ನ ಅನುಭವದಲ್ಲಿ ಅಳತೆ ಬದಲಿಸಿದ್ದಕ್ಕಿಂತ ಬ್ಯಾಚ್ ಬದಲಾದದ್ದೇ ಹೆಚ್ಚು ಸಲ ಗುಂಪನ್ನು ಕೆಡಿಸಿದೆ. ಆದರೂ ಡಬ್ಬಿ ಮಾರುವ ಹೊತ್ತಿಗೆ ಅಂಗಡಿಗಳಲ್ಲಿ ಅಳತೆಯನ್ನು ಕೇಳುತ್ತಾರೆಯೇ ಹೊರತು ಬ್ಯಾಚ್ ಸಂಖ್ಯೆಯನ್ನು ನೋಡಿ ಎತ್ತಿಕೊಡುವವರು ವಿರಳ, ಕೇಳುವ ಗ್ರಾಹಕರೂ ವಿರಳ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ. ಮಕ್ಕಳ ತರಬೇತಿಗೆಂದು ಸಾಲ ಮಾಡಿ ಸಾಮಾನು ತರಿಸುವ ತಂದೆತಾಯಿಗಳು ನಮ್ಮಲ್ಲಿದ್ದಾರೆ.

ಹಾಗಾದರೆ ಪ್ರತಿಯೊಬ್ಬರೂ ಬ್ಯಾಚ್ ಪರೀಕ್ಷೆಗೆ ಇಳಿಯಬೇಕೇ? ಇದಕ್ಕೆ ಉತ್ತರ ಒಂದು ಸಣ್ಣ ಗಣಿತದಲ್ಲಿದೆ. ಶೂಟರ್‌ನ ತಪ್ಪು ಮತ್ತು ಪೆಲೆಟ್‌ನ ತಪ್ಪು ಒಂದಕ್ಕೊಂದು ಸಂಬಂಧವಿಲ್ಲದ ದಿಕ್ಕುಗಳಲ್ಲಿ ಬೀಳುವುದರಿಂದ ಅವು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ನನ್ನ ಎರಡು ಡಬ್ಬಿಗಳನ್ನೇ ತೆಗೆದುಕೊಳ್ಳೋಣ. ಮೊದಲನೆಯದರ ಪೆಲೆಟ್‌ಗಳು ಗುಂಪಿನ ನಡುವಿನಿಂದ ಸರಾಸರಿ 0.3 ಮಿ.ಮೀ. ದೂರ ಬೀಳುತ್ತವೆ, ಎರಡನೆಯದರವು 0.6 ಮಿ.ಮೀ. ಈಗ ಕಲಿಯುತ್ತಿರುವ ಹುಡುಗಿಯೊಬ್ಬಳ ಸ್ವಂತ ತಪ್ಪು ಸರಾಸರಿ 6 ಮಿ.ಮೀ. ಎನ್ನೋಣ, ಅವಳ ಹೊಡೆತಗಳು 8.6ರ ಸುಮಾರಿನವು. ಒಳ್ಳೆಯ ಪೆಲೆಟ್‌ನಲ್ಲಿ ಒಟ್ಟು ತಪ್ಪು 6.01 ಮಿ.ಮೀ., ಮತ್ತೊಂದರಲ್ಲಿ 6.03. ಅರವತ್ತು ಹೊಡೆತಕ್ಕೆ ಸೇರಿ ವ್ಯತ್ಯಾಸ ಅರ್ಧ ಅಂಕದಷ್ಟು. ಅವಳಿಗೆ ಬೇಕಾದದ್ದು ದುಬಾರಿ ಡಬ್ಬಿಯಲ್ಲ, ನಿಲುವಿನ ಅಭ್ಯಾಸ, ಟ್ರಿಗರ್‌ನ ಅಭ್ಯಾಸ. ಅದೇ 630ರ ಮಟ್ಟದ ಶೂಟರ್ ಒಬ್ಬರ ಸ್ವಂತ ತಪ್ಪು ಸರಾಸರಿ 1.1 ಮಿ.ಮೀ. ಎನ್ನೋಣ. ಒಳ್ಳೆಯ ಪೆಲೆಟ್‌ನಲ್ಲಿ ಒಟ್ಟು 1.14 ಮಿ.ಮೀ., ಮತ್ತೊಂದರಲ್ಲಿ 1.25. ಒಂದು ಹೊಡೆತಕ್ಕೆ 0.04 ಅಂಕದ ಮೇಲೆ ನಷ್ಟ. ಅರವತ್ತಕ್ಕೆ ಎರಡೂವರೆ ಅಂಕ ದಾಟುತ್ತದೆ. ಪ್ಯಾರಿಸ್‌ನಲ್ಲಿ ಏಳನೆಯ ಸ್ಥಾನಕ್ಕೂ ಹನ್ನೆರಡನೆಯದಕ್ಕೂ ಇದ್ದ ಅಂತರದ ಮೂರು ಪಟ್ಟು ಇದು. ಕೈ ಪಳಗಿದಷ್ಟೂ ಪೆಲೆಟ್‌ನ ದೋಷ ಎದ್ದು ಕಾಣುತ್ತದೆ.

ಏರ್ ಪಿಸ್ತೂಲಿನವರಿಗೆ ಈ ಚಿಂತೆ ಬಹಳ ಕಡಿಮೆ. ಅವರ ಹತ್ತರ ವೃತ್ತವೇ 11.5 ಮಿ.ಮೀ.; ಪೆಲೆಟ್‌ನ ನಡು 8 ಮಿ.ಮೀ. ದೂರವಿದ್ದರೂ ಹತ್ತು ಸಿಗುತ್ತದೆ, ಅರ್ಹತಾ ಸುತ್ತಿನಲ್ಲಿ ಇಂದಿಗೂ ಪೂರ್ಣಾಂಕದ ಎಣಿಕೆಯೇ.

ಪರೀಕ್ಷಿಸಲೇಬೇಕಾದವರು ಹೇಗೆ ಪರೀಕ್ಷಿಸಬೇಕು ಎಂಬುದರಲ್ಲಿ ಎಚ್ಚರ ಬೇಕು, ಏಕೆಂದರೆ ಇಲ್ಲಿ ನಮಗೆ ನಾವೇ ಮೋಸ ಹೋಗುವುದು ಸುಲಭ. ಜರ್ಮನಿಯ ದೊಡ್ಡ ತಯಾರಕರಲ್ಲಿ ಶೂಟರ್‌ಗಳು ತಮ್ಮ ರೈಫಲ್ ಕೊಂಡೊಯ್ದು, ಬ್ಯಾರೆಲ್ ಬಿಗಿದು, ಹಲವು ಬ್ಯಾಚ್‌ಗಳನ್ನು ಎಲೆಕ್ಟ್ರಾನಿಕ್ ಗುರಿಯ ಮೇಲೆ ಹೋಲಿಸಿ ನೋಡುವ ವ್ಯವಸ್ಥೆಯಿದೆ. ನಮ್ಮಲ್ಲಿ ಒಳ್ಳೆಯ ವೈಸ್ ಅಥವಾ ಅಲುಗದ ಮೇಜಿನ ಆಸರೆ ಇದ್ದರೆ ಕೆಲಸ ಸಾಗುತ್ತದೆ. ಬೇರೆ ಪೆಲೆಟ್‌ಗೆ ಬದಲಿಸಿದ ಕೂಡಲೇ ಎಣಿಕೆ ಆರಂಭಿಸಬಾರದು. ಹಳೆಯ ಪೆಲೆಟ್‌ನ ಎಣ್ಣೆ, ಸೀಸದ ಪದರ ಬ್ಯಾರೆಲ್ಲಿನಲ್ಲಿ ಉಳಿದಿರುತ್ತದೆ. ಇಪ್ಪತ್ತು ಮೂವತ್ತು ಪೆಲೆಟ್ ಸುಮ್ಮನೆ ಹಾರಿಸಿ, ಗುಂಪು ಒಂದು ಜಾಗದಲ್ಲಿ ನೆಲೆಗೊಂಡ ಮೇಲೆ ಎಣಿಸಬೇಕು. ರೈಫಲ್ಲಿನ ಗಾಳಿ ಸಿಲಿಂಡರ್‌ನ ಒತ್ತಡ ಕೆಳಗಿಳಿಯಲು ಬಿಡಬಾರದು. ಕಾಗದದ ಮೇಲೆ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ನಿಜವಾದ ಹರಡುವಿಕೆ ಸಿಗುತ್ತದೆ, 5.4 ಮತ್ತು 6.4 ನೋಡಲು ಹತ್ತಿರ ಹತ್ತಿರ, ಕಳೆದ ಮೇಲೆ 0.9 ಮತ್ತು 1.9, ಎರಡು ಪಟ್ಟಿಗೂ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ತಪ್ಪು ಐದು ಹೊಡೆತದ ಒಂದೇ ಗುಂಪನ್ನು ನೋಡಿ ತೀರ್ಪು ಕೊಡುವುದು. ನನ್ನ ಮೊದಲ ಡಬ್ಬಿಯ ಅದೇ ಪೆಲೆಟ್‌ಗಳು ಐದರ ಗುಂಪಿನಲ್ಲಿ ಒಮ್ಮೆ 4.9, ಮರುಕ್ಷಣ 5.6 ತೋರಿಸಿವೆ. ಇದರಲ್ಲಿ ಪೆಲೆಟ್‌ನ ಗುಣವೇನೂ ಬದಲಾಗಿಲ್ಲ. ಐದು ಎಂಬ ಸಂಖ್ಯೆ ತೀರ ಸಣ್ಣದು, ಅಷ್ಟೇ. ಮೊದಲ ಐದು ಚೆನ್ನಾಗಿ ಬಿದ್ದವೆಂದು ಇಪ್ಪತ್ತು ಡಬ್ಬಿ ತರಿಸಿ ಪರಿತಪಿಸಿದವರನ್ನು ಬಲ್ಲೆ. ಪ್ರತಿ ಬ್ಯಾಚಿಗೂ ಹತ್ತರ ಗುಂಪುಗಳು ಕನಿಷ್ಠ ನಾಲ್ಕೈದು ಬೇಕು. ಅವನ್ನು ಸಾಲಾಗಿ ಮುಗಿಸದೆ, ಈ ಬ್ಯಾಚಿನದೊಂದು, ಆ ಬ್ಯಾಚಿನದೊಂದು ಎಂದು ಸರದಿಯಲ್ಲಿ, ನಡುವೆ ಸುಮ್ಮನೆ ಹಾರಿಸುವ ಪೆಲೆಟ್‌ಗಳನ್ನು ಮರೆಯದೆ ಹಾರಿಸಿದರೆ ಬಿಸಿಲೇರಿ ಕೊಠಡಿ ಕಾದದ್ದರ ಪರಿಣಾಮವೂ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಬಹುಪಾಲು ಸ್ಪರ್ಧಾ ಪೆಲೆಟ್‌ಗಳು ನಮಗೆ ಹೊರದೇಶದಿಂದ ಬರಬೇಕಾದದ್ದರಿಂದ, ಇಷ್ಟಪಟ್ಟ ಬ್ಯಾಚನ್ನು ಮತ್ತೆ ಕೇಳಿ ಪಡೆಯುವುದು ಕಷ್ಟ. ಕ್ಲಬ್ಬಿನ ನಾಲ್ಕೈದು ಮಂದಿ ಸೇರಿ ಬೇರೆ ಬೇರೆ ಬ್ಯಾಚಿನ ಒಂದೊಂದು ಡಬ್ಬಿ ಕೊಂಡು, ಎಲ್ಲರ ರೈಫಲ್ಲಿನಲ್ಲೂ ಪರೀಕ್ಷಿಸಿ, ಯಾರಿಗೆ ಯಾವುದು ಒಗ್ಗಿತೋ ಅದನ್ನು ಆ ಸರಕು ಮುಗಿಯುವ ಮೊದಲೇ ವರ್ಷಕ್ಕಾಗುವಷ್ಟು ತೆಗೆದಿಡುವುದು ನಾನು ಕಂಡ ಅತ್ಯಂತ ಮಿತವ್ಯಯದ ದಾರಿ. ತಂದದ್ದನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಕರಾವಳಿಯ ಸೆಕೆಯಲ್ಲಿ ತೆರೆದಿಟ್ಟ ಡಬ್ಬಿಯ ಸೀಸಕ್ಕೆ ಬಿಳಿ ಪುಡಿ ಹತ್ತುತ್ತದೆ. ಅಂಥ ಪೆಲೆಟ್ ಸ್ಪರ್ಧೆಗೆ ಬಾರದು. ಸ್ಕೂಟರಿನ ಡಿಕ್ಕಿಯಲ್ಲಿ ಕುಲುಕಿಸಿ ಒಯ್ದರೆ ತಲೆಗಳು ಪಕ್ಕದವುಗಳ ಸ್ಕರ್ಟನ್ನು ನಗ್ಗಿಸುತ್ತವೆ. ಸ್ಪರ್ಧೆಯ ದಿನಕ್ಕೆಂದು ಒಂದೊಂದು ಪೆಲೆಟ್‌ಗೂ ಗುಳಿಯಿರುವ ಫೋಮ್ ಹಲಗೆಯಲ್ಲಿಟ್ಟು ಮಾರುವುದು ಇದಕ್ಕಾಗಿಯೇ. ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿ ತಿನ್ನಬಾರದು, ಮಕ್ಕಳಿಗಂತೂ ಇದನ್ನು ಮೊದಲ ದಿನವೇ ಕಲಿಸಬೇಕು, ಸೀಸ ವಿಷ.

ನಾನು ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಿಂದ ಬ್ಯಾಚ್ ಸಂಖ್ಯೆ, ಪರೀಕ್ಷಿಸಿದ ತಾರೀಖು ಮತ್ತು ಸರಾಸರಿ ಗುಂಪಿನ ಅಳತೆ ಬರೆದಿಡುತ್ತೇನೆ. ಒಳ್ಳೆಯ ಬ್ಯಾಚ್ ಮುಗಿಯುತ್ತ ಬಂದಾಗ ಕೊನೆಯ ನೂರು ಪೆಲೆಟ್‌ಗಳನ್ನು ಹಾರಿಸದೆ ಉಳಿಸಿಕೊಳ್ಳುತ್ತೇನೆ. ಮುಂದೆ ಗುಂಪು ಕೆಟ್ಟ ದಿನ ಕೆಟ್ಟದ್ದು ಹೊಸ ಪೆಲೆಟ್ಟೋ, ರೈಫಲ್ಲೋ ಎಂದು ತಿಳಿಯಲು ಅವೇ ನನ್ನ ಬಳಿಯಿರುವ ಅಳತೆಗೋಲು.